ಫಾರ್ಮ್ಯಾಟ್ ಒತ್ತುವ ಮೊದಲು ಡಿಮೆಸೇಜ್ ನೋಡಿ

ಮೊನ್ನೆ ಒಬ್ಬರು ಮೇಡಂ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಿಡಿದು ಬಂದರು. ಮನೆಯ ಹನ್ನೆರಡು ವರ್ಷದ ಫೋಟೊಗಳೆಲ್ಲ ಅದರಲ್ಲೇ. ತೀರಿಹೋದ ಅಪ್ಪನ ಕೊನೆಯ ವಿಡಿಯೊ ಕೂಡ. "ಉಬುಂಟುಗೆ ಹಾಕಿದ್ರೆ ಕಾಣಿಸ್ತಾನೇ ಇಲ್ಲ ಸರ್. ಫಾರ್ಮ್ಯಾಟ್ ಮಾಡಿ, ಸರಿ ಹೋಗುತ್ತೆ ಅಂತ ಒಬ್ಬರು ಹೇಳಿದ್ರು" ಎಂದರು. ಮಾಡಿಲ್ಲ ತಾನೆ ಎಂದು ಕೇಳಿದೆ. ಮಾಡಿರಲಿಲ್ಲ. ಹೋದ ಜೀವ ಬಂದ ಹಾಗಾಯಿತು.

ಉಬುಂಟು ಲಿನಕ್ಸಿನ ಒಂದು ಬಗೆ. ಲಿನಕ್ಸಿನಲ್ಲಿ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್ ಕೈಕೊಟ್ಟಾಗ ನಾನು ಮೊದಲು ಫೈಲ್ ಮ್ಯಾನೇಜರ್ ನೋಡುವುದಿಲ್ಲ. ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆಗೆದು, ಅಡ್ಮಿನ್ ಅಧಿಕಾರ ಕೊಡುವ ಸುಡೊ ಜೊತೆ ಡಿಮೆಸೇಜ್ ಎಂಬ ಕಮಾಂಡ್ ಕೊಡುತ್ತೇನೆ. ಸುಡೊ ಆದಮೇಲೆ ಟೈಪ್ ಮಾಡಬೇಕಾದ್ದು ಡಿ, ಎಂ, ಇ, ಎಸ್, ಜಿ ಅಷ್ಟೇ. ಆಮೇಲೆ ಜಾಗ ಬಿಟ್ಟು ಒಂದು ಡ್ಯಾಷ್, ಒಂದು ಡಬ್ಲ್ಯೂ. ಈಗ ಡಿಸ್ಕ್ ಚುಚ್ಚಿ. ಕರ್ನೆಲ್, ಅಂದರೆ ಸಿಸ್ಟಂನ ತಿರುಳು, ಬರೆಯುವ ಸಾಲುಗಳು ಕಣ್ಣೆದುರೇ ಒಂದೊಂದಾಗಿ ಬೀಳುತ್ತವೆ.

ಎಲ್ಲ ಸರಿಯಿದ್ದರೆ ಮೊದಲು ಹೊಸ ಡಿವೈಸ್ ಬಂತು ಎನ್ನುವ ಸಾಲು. ಆಮೇಲೆ ಕಂಪನಿಯ ಹೆಸರು, ಮಾಡೆಲ್. ಆಮೇಲೆ ಎಸ್‌ಡಿಬಿ ಎಂಬಂಥ, ಲಿನಕ್ಸೇ ಕೊಡುವ ಹೆಸರು, ಡಿಸ್ಕಿನ ಅಳತೆ. ಕೊನೆಗೆ ಎಸ್‌ಡಿಬಿ1 ಎಂದು ಪಾರ್ಟಿಷನ್, ಅಂದರೆ ಡಿಸ್ಕಿನೊಳಗಿನ ಭಾಗ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲಾದರೆ ಹೆಸರು ಡಿಎ0 ಎಂದಿರುತ್ತದೆ, ಕ್ರಮ ಹೆಚ್ಚುಕಡಿಮೆ ಇದೇ. ಎಲ್ಲಿಗೆ ಸಾಲು ನಿಂತಿತು ನೋಡಿ. ತೊಂದರೆ ಇರುವುದು ಅಲ್ಲೇ.

ಒಂದು ಸಾಲೂ ಬರಲಿಲ್ಲವಾ? ಕೇಬಲ್ ಬದಲಾಯಿಸಿ. ಕೆಲವು ಚಾರ್ಜರ್ ಕೇಬಲ್‌ಗಳಲ್ಲಿ ಕರೆಂಟ್ ಹರಿಯುವ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿಯೇ ಇರುವುದಿಲ್ಲ. ಹೆಸರು ಬಂತು, ಆದರೆ "ನೋ ಮೀಡಿಯಂ" ಅಂತಿದೆಯಾ? ಪೆನ್‌ಡ್ರೈವ್‌ನಲ್ಲಾದರೆ ಒಳಗಿನ ಕಂಟ್ರೋಲರ್ ಉತ್ತರ ಕೊಡುತ್ತಿದೆ, ಮೆಮೊರಿ ಅದರ ಕೈಗೆ ಸಿಗುತ್ತಿಲ್ಲ. ಅಲ್ಲಿ ಯಾವ ಕಮಾಂಡೂ ಕೆಲಸಕ್ಕೆ ಬರುವುದಿಲ್ಲ, ಸುಮ್ನೆ ಸಮಯ ಹಾಳು.

ಮೇಡಂ ಡಿಸ್ಕ್ ಹೆಸರಿನ ತನಕವೂ ಬರಲಿಲ್ಲ. ಎರರ್ ಮೈನಸ್ 71, ಮತ್ತೆ ಅದೇ, ಆಮೇಲೆ ಮೈನಸ್ 110, ಡಿಸ್‌ಕನೆಕ್ಟ್. ಪುನಃ ಮೊದಲಿಂದ. 71 ಅಂದರೆ ತಂತಿಯ ಮೇಲಿನ ಮಾತು ಕೆಟ್ಟು ಬರುತ್ತಿದೆ ಎಂದು. 110 ಅಂದರೆ ಕಾದರೂ ಉತ್ತರ ಬರಲಿಲ್ಲ ಎಂದು. ಎರಡಕ್ಕೂ ಫೈಲ್‌ಗಳಿಗೂ ಸಂಬಂಧವೇ ಇಲ್ಲ. ಅಷ್ಟು ದೂರ ಕರ್ನೆಲ್ ಹೋಗಿಯೇ ಇಲ್ಲ, ಫಾರ್ಮ್ಯಾಟ್ ಏನು ಮಾಡೀತು?

ಡಿಸ್ಕಿಗೆ ಕಿವಿ ಕೊಟ್ಟೆ. ಗುಂಯ್ ಎಂದು ತಿರುಗಲು ಶುರು, ಟಿಕ್, ನಿಂತಿತು. ಮತ್ತೆ ಗುಂಯ್, ಟಿಕ್. ಅವರ ಮನೆಯಲ್ಲಿ ಇದನ್ನು ಚುಚ್ಚುತ್ತಿದ್ದುದು ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ. ನಾನೂ ಮೊದಲು ಹಾಗೇ, ಅವರದೇ ಕೇಬಲ್‌ನಲ್ಲಿ ಹಾಕಿ ನೋಡಿದ್ದು. ಮುಂದಿನ ಪೋರ್ಟಿಗೆ ಮದರ್‌ಬೋರ್ಡಿನಿಂದ ಒಳಗೊಳಗೇ ಇನ್ನೊಂದು ತಂತಿ ಬಂದಿರುತ್ತದೆ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ್ದೇ 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ಡಿಸ್ಕ್ ತಿರುಗಲು ಶುರುವಾಗುವ ಆ ಒಂದೆರಡು ಸೆಕೆಂಡ್ ಅದಕ್ಕೆ ಜಾಸ್ತಿ ಕರೆಂಟ್ ಬೇಕು. ಹಿಂದಿನ ನೀಲಿ, ಅಂದರೆ ಯುಎಸ್‌ಬಿ 3 ಪೋರ್ಟಿಗೆ, ಗಿಡ್ಡ ಹೊಸ ಕೇಬಲ್ ಹಾಕಿ ಚುಚ್ಚಿದೆ. ಎಸ್‌ಡಿಬಿ ಬಂತು, ಹಿಂದೆಯೇ ಎಸ್‌ಡಿಬಿ1. ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು.

ಒಳ್ಳೆಯ ಪೋರ್ಟಿನಲ್ಲೂ ಟಿಕ್ ಟಿಕ್ ನಿಲ್ಲದಿದ್ದರೆ ಮಾತು ಬೇರೆ. ಅದು ಡೇಟಾ ಓದುವ ಹೆಡ್ ಕೆಟ್ಟಿರುವ ಸದ್ದು ಇರಬಹುದು. ತಕ್ಷಣ ಕಿತ್ತಿಡಿ. ಇನ್ನೊಂದು ಸಲ ನೋಡೋಣ ಎಂದು ಚುಚ್ಚಿದಷ್ಟೂ ಡೇಟಾ ಉಳಿಯುವ ಆಸೆ ಕಡಿಮೆಯಾಗುತ್ತದೆ.

ಡಿಸ್ಕ್ ಕಂಡ ಮೇಲೆ ಮೊದಲ ಕೆಲಸ ರಿಪೇರಿ ಅಲ್ಲ, ಕಾಪಿ. ಓದುವಾಗ ಐ-ಒ ಎರರ್, ಅಂದರೆ ಓದಲಾಗಲಿಲ್ಲ ಎಂಬ ದೂರು ಬರುತ್ತಿದ್ದರೆ, ಕೆಟ್ಟ ಡಿಸ್ಕಿನಿಂದ ಕಾಪಿ ಮಾಡುವ ಡಿಡಿರೆಸ್ಕ್ಯೂ ಬಳಸಿ, ಎಲ್ಲೆಲ್ಲಿ ಓದಿ ಆಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಡಿಡಿರೆಸ್ಕ್ಯೂ ಸಲೀಸಾಗಿ ಓದಬಹುದಾದ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಕ್ಕೆ ಆಮೇಲೆ ಬರುತ್ತದೆ. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂದು ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡಿನಲ್ಲಿ ಅಳತೆ, ಡಿಮೆಸೇಜ್‌ನಲ್ಲಿ ಮಾಡೆಲ್ ನೋಡಿಯೇ ಎಂಟರ್ ಒತ್ತಿ. ಎಸ್‌ಡಿಎ, ಎಸ್‌ಡಿಬಿ ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಬಂದು ಕೂರುತ್ತದೆ. ರಿಪೇರಿಯ ಕಮಾಂಡ್ ಎಫ್‌ಎಸ್‌ಸಿಕೆ ಏನಿದ್ದರೂ ಕಾಪಿ ಕೈಯಲ್ಲಿದ್ದ ಮೇಲೆ, ಅದೂ ಡಿಸ್ಕನ್ನು ಸಿಸ್ಟಂನಿಂದ ಬಿಡಿಸಿ, ಅಂದರೆ ಅನ್‌ಮೌಂಟ್ ಮಾಡಿ.

ತೆರೆದುಕೊಳ್ಳುತ್ತದೆ, ಬರೆಯಲು ಮಾತ್ರ ಬಿಡುವುದಿಲ್ಲ ಎಂಬ ದೂರು ತುಂಬ ಬರುತ್ತದೆ. ಡಿಮೆಸೇಜ್‌ನಲ್ಲಿ "ರೈಟ್ ಪ್ರೊಟೆಕ್ಟ್ ಈಸ್ ಆನ್" ಇದ್ದು, ಪೆನ್‌ಡ್ರೈವ್‌ಗೆ ಲಾಕ್ ಬಟನ್ ಇಲ್ಲದಿದ್ದರೆ ಅದರ ಆಯಸ್ಸು ಮುಗಿದ ಹಾಗೆಯೇ. ಓದಲು ಬಿಡುವಾಗಲೇ ಕಾಪಿ ಮಾಡಿಕೊಳ್ಳಿ. ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನ ಡಿಸ್ಕ್ ಆದರೆ ಹೆದರಬೇಡಿ. ಸಾಮಾನ್ಯವಾಗಿ ವಿಂಡೋಸ್ ಅದನ್ನು ಅರ್ಧ ನಿದ್ದೆಯಲ್ಲಿ ಬಿಟ್ಟಿರುತ್ತದೆ. ವಿಂಡೋಸಿಗೆ ಮರಳಿ ಹಾಕಿ, ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ ತನ್ನಿ.

ಇನ್ನೊಂದು ಮಾತು. ಕಾಪಿ ಮುಗಿಯಿತು ಎಂದು ಪರದೆ ಹೇಳಿದಾಗ ಡೇಟಾ ಇನ್ನೂ ರ‍್ಯಾಮ್‌ನಲ್ಲೇ ಇರಬಹುದು. ಪೆನ್‌ಡ್ರೈವ್ ದೀಪ ಮಿನುಗುತ್ತಲೇ ಇರುವುದು ಅದಕ್ಕೇ. ಉಳಿದದ್ದನ್ನೂ ಡಿಸ್ಕಿಗೆ ಬರೆಸುವ ಸಿಂಕ್ ಕಮಾಂಡ್ ಕೊಟ್ಟು ಪ್ರಾಂಪ್ಟ್ ಮರಳಿ ಬರುವ ತನಕ ಕಾಯಿರಿ, ಆಮೇಲೆ ಅನ್‌ಮೌಂಟ್. "ಟಾರ್ಗೆಟ್ ಈಸ್ ಬಿಸಿ" ಎಂದರೆ ಕಿತ್ತುಬಿಡಬೇಡಿ. ನಿಮ್ಮದೇ ಯಾವುದೋ ಟರ್ಮಿನಲ್ ಆ ಫೋಲ್ಡರ್ ಒಳಗೆ ಕೂತಿರುತ್ತದೆ.

ಮೇಡಂ ಫೋಟೊಗಳು ಸುಮಾರು 400 ಜಿಬಿ. ಸಂಜೆ ಐದಕ್ಕೆ ಹಾಕಿದ್ದು ಎಂಟರ ಹೊತ್ತಿಗೆ ಮುಗಿಯಿತು. ಅಪ್ಪನ ವಿಡಿಯೊ ಹೊಸ ಡಿಸ್ಕಿನಿಂದಲೇ ಹಾಕಿ ತೋರಿಸಿದೆ. ಹಳೆಯ ಕೇಬಲ್ಲನ್ನು ಅವರು ಬ್ಯಾಗಿಗೆ ಹಾಕಿಕೊಳ್ಳಲು ಹೋದರು. ಕೇಳಿ ತೆಗೆದುಕೊಂಡು ಕತ್ತರಿಯಿಂದ ಎರಡು ತುಂಡು ಮಾಡಿದೆ. ಡ್ರಾಯರ್‌ನಲ್ಲಿ ಉಳಿದರೆ ಅದು ಇನ್ನೊಂದು ಡಿಸ್ಕಿಗೆ ಸಿಕ್ಕಿಯೇ ಸಿಗುತ್ತದೆ.