ರೊಟ್ಟಿ ಹಂಚಿಲ್ಲದ ಅಡುಗೆ ಸೆಟ್ಟು

ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತೆಂದರೆ ಕಲಬುರಗಿಯ ಮಕ್ಕಳಿಗೆ ತೇರಿಗಿಂತ ಆಟಿಕೆ ಅಂಗಡಿಯದೇ ಧ್ಯಾನ. ಅಲ್ಲಿ ಕೊಳ್ಳಲು ನಿಂತವರನ್ನು ಅಂಗಡಿಯವರು ಮೊದಲು ಕೇಳುವುದು ಮಗುವಿನ ವಯಸ್ಸನ್ನಲ್ಲ, "ಹುಡುಗಗೋ, ಹುಡುಗಿಗೋ?" ಅಂತ. ಆಮೇಲೆ ಕೈ ತಾನಾಗಿ ಒಂದು ರಾಶಿಯ ಕಡೆ ಹೋಗುತ್ತದೆ. ಒಂದರಲ್ಲಿ ಹಳದಿ ಜೆಸಿಬಿ, ನೀಲಿ ಬಸ್ಸು, ಬಂದೂಕು; ಇನ್ನೊಂದರಲ್ಲಿ ಗುಲಾಬಿ ಡಬ್ಬಿಯ ಅಡುಗೆ ಸೆಟ್ಟು, ಗೊಂಬೆ. ಓದಲು ಬಾರದ ಮಗುವಿಗೂ ಅರ್ಥವಾಗುವ ಬೋರ್ಡು ಅದು.

ಬಣ್ಣದಲ್ಲೇನಿದೆ ಎನ್ನುವವರು 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನೋಡಬೇಕು. ಇನ್ನೂ ಶಾಲೆಗೆ ಸೇರದ ಪುಟ್ಟ ಮಕ್ಕಳಿಗೆ ಮನೋವಿಜ್ಞಾನಿಗಳು ಬಣ್ಣ ಬದಲಿಸಿದ ಆಟಿಕೆಗಳನ್ನು ತೋರಿಸಿದರು. 'ಹುಡುಗರದು' ಅನ್ನಿಸಿಕೊಂಡ ಆಟಿಕೆಗೇ ಗುಲಾಬಿ ಬಳಿದಾಗ ಹುಡುಗಿಯರ ಆಸಕ್ತಿ ಹೆಚ್ಚಿತು. ಆಟಿಕೆಯ ಆಟ ಬದಲಾಗಿರಲಿಲ್ಲ, ಮುಟ್ಟಲು ಅನುಮತಿ ಮಾತ್ರ ಸಿಕ್ಕಿತ್ತು.

ಹಾಗಂತ ಆಟಿಕೆಯ ರೂಪವೆಲ್ಲ ಯಾರೋ ಕೂತು ಹೂಡಿದ ಸಂಚೇನಲ್ಲ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆ ಮಾಡುವ ಎತ್ತುಗಳನ್ನೇ ನೋಡಿ. ಇಲ್ಲಿನ ಎರೆಮಣ್ಣಿನಲ್ಲಿ ಮೊಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಅದರ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಬ್ಯಾಸಗಿಯಲ್ಲಿ ಹೊಲ ಬಾಯಿ ಬಿಡುವುದೂ ಇದರಿಂದಲೇ. ಇಂಥ ಮಣ್ಣಿನಲ್ಲಿ ಸಪೂರ ಕಾಲು ಮಾಡಿದರೆ ಆರುವಷ್ಟರಲ್ಲಿ ಮುರಿದು ಬೀಳುತ್ತದೆ. ಹಾಗಾಗಿ ಕಾಲು ಮೋಟು, ಕೊರಳು ದಪ್ಪ, ಕೋಡು ಗಿಡ್ಡ. ಇಷ್ಟೂ ಮಣ್ಣಿನ ತೀರ್ಮಾನ.

ಡುಬ್ಬ ಮಾತ್ರ ಮಣ್ಣು ಕೇಳಿದ್ದಲ್ಲ. ಬೆರಳಿನಿಂದ ಚಿವುಟಿ ಎತ್ತಿ ನಿಲ್ಲಿಸಬೇಕು, ತುಸು ಹೆಚ್ಚಾದರೆ ಅಲ್ಲೇ ಬಿರುಕು. ಆದರೂ ಯಾರೂ ಬಿಡುವುದಿಲ್ಲ. ಕಣ್ಣು ಮೂಗು ಇಲ್ಲದಿದ್ದರೂ ನಡೆಯುತ್ತದೆ, ಡುಬ್ಬ ಇಲ್ಲದಿದ್ದರೆ ಅದು ಎತ್ತೇ ಅಲ್ಲ. ಹರಪ್ಪ ಕಾಲದ ಮಣ್ಣಿನ ಗೂಳಿಗಳಲ್ಲೂ ಡುಬ್ಬ ಹೀಗೇ ಎದ್ದು ಕಾಣುತ್ತದೆ. ಇನ್ನೊಂದು ಮಾತು: ಎತ್ತು ಯಾವಾಗಲೂ ಜೋಡಿ, ಮುಂದೆ ಮೇವಿನ ಗ್ವಾದ್ಲಿ. ಉಳುಮೆಗೆ ಎರಡು ಬೇಕು, ದುಡಿದದ್ದಕ್ಕೆ ಮೇವು ಹಾಕಬೇಕು ಅನ್ನುವುದನ್ನು ಮಗುವಿಗೆ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಜಾತ್ರೆಯ ಪ್ಲಾಸ್ಟಿಕ್ ಟ್ರ್ಯಾಕ್ಟರು ಒಂಟಿ. ಅದಕ್ಕೆ ಡೀಸೆಲ್ಲೂ ಬೇಡ, ಕೀಲಿ ಕೊಟ್ಟರೆ ಸಾಕು.

ಗೊಂಬೆಯ ವಿಷಯ ಇನ್ನೂ ತೀಕ್ಷ್ಣ. 1940ರ ಸುಮಾರಿಗೆ ಅಮೆರಿಕದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣವೊಂದು ಬಿಟ್ಟು ಉಳಿದೆಲ್ಲ ಒಂದೇ ಆಗಿದ್ದ ಗೊಂಬೆಗಳನ್ನಿಟ್ಟು, ಚೆಂದದ್ದು ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಚೆಂದದ್ದೆಂದು ಬಿಳಿ ಗೊಂಬೆಯನ್ನೇ ತೋರಿಸಿದರು. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಕೆಲಸದ ಉಲ್ಲೇಖವಿದೆ. ನಮ್ಮ ಜಾತ್ರೆಯ ಹೊಂಗೂದಲ ಗೊಂಬೆಗಳ ಮುಂದೆ ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ನನಗಂತೂ ಹಿತವಾಗಿರಲಿಕ್ಕಿಲ್ಲ.

ಇನ್ನು ಆ ಗುಲಾಬಿ ಡಬ್ಬಿ. ಒಳಗೆ ಗ್ಯಾಸ್ ಒಲೆ, ಹಿಡಿಕೆಯ ಫ್ರೈಯಿಂಗ್ ಪ್ಯಾನು, ನಾಲ್ಕು ತುಂಡಾಗುವ ಪಿಜ್ಜಾ, ಬರ್ಗರ್ ಇರುತ್ತವೆ. ಜೋಳದ ರೊಟ್ಟಿ ಉಣ್ಣುವ ಊರಿನ ಮಗುವಿಗೆ ಹಂಚೂ ಇಲ್ಲ, ಹಿಟ್ಟು ನಾದುವ ಪರಾತವೂ ಇಲ್ಲ. ಪಕ್ಕದ ಮನೆಯ ಹುಡುಗಿ, "ಯವ್ವಾ, ಇದ್ರಾಗ ರೊಟ್ಟಿ ಹ್ಯಾಂಗ ಬಡೀಲಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಡಬ್ಬಿಯ ಮುಚ್ಚಳ ಬೋರಲು ಹಾಕಿ ಪಿಜ್ಜಾವನ್ನೇ ಪಟಪಟ ಬಡಿಯತೊಡಗಿದಳು. ತಯಾರಕರು ಹೇಳಿದ್ದನ್ನೆಲ್ಲ ಮಕ್ಕಳು ಕೇಳುತ್ತಾರೆಂದು ನಂಬಿಕೊಂಡವರು ಇದನ್ನು ಗಮನಿಸಬೇಕು.

ಪುಟ್ಟ ಒಲೆ, ಪುಟ್ಟ ಹಂಚು ಇರುವ ಮಣ್ಣಿನ ಅಡುಗೆ ಸಾಮಾನನ್ನು ಕುಂಬಾರರು ಮಾಡುತ್ತಾರೆ. ಪ್ಲಾಸ್ಟಿಕ್‌ಗಿಂತ ಅದು ನಮ್ಮ ಮನೆಗೆ ಹತ್ತಿರ, ನಿಜ. ಆದರೆ ಅದನ್ನು ಕೊಳ್ಳುವ ಅಪ್ಪ-ಅವ್ವ ಕೊಡುವುದೂ ಮಗಳಿಗೇ. ಮಗನ ಕೈಗೆ ಹಂಚು ಕೊಟ್ಟವರನ್ನು ನಾನಿನ್ನೂ ಕಂಡಿಲ್ಲ.