ಪದ ಪರಿಚಯ: ಭಯದ ಭೂಚಿತ್ರ

ಮೇವು, ನೀರು, ನೆರಳು ಇದ್ದ ಮಾತ್ರಕ್ಕೆ ಪ್ರಾಣಿ ಅಲ್ಲಿಗೆ ಹೋಗುತ್ತದೆ ಎಂದೇನಿಲ್ಲ. ಎಲ್ಲಿ ಮೇಯುವುದು, ಎಲ್ಲಿ ಕಾಲಿಡಲೇಬಾರದು ಎಂದು ಬಲಿಪ್ರಾಣಿ ಅಪಾಯದ ಅಂದಾಜಿನ ಮೇಲೆ ನೆಲವನ್ನು ಮನಸ್ಸಿನಲ್ಲೇ ಪಾಲು ಮಾಡಿಕೊಂಡಿರುತ್ತದೆ. ಪರಿಸರ ವಿಜ್ಞಾನದಲ್ಲಿ ಇದಕ್ಕೆ ‘ಲ್ಯಾಂಡ್‌ಸ್ಕೇಪ್ ಆಫ್ ಫಿಯರ್’, ಅಂದರೆ ಭಯದ ಭೂಚಿತ್ರ ಎಂಬ ಹೆಸರಿದೆ. ಬೇಟೆಗಾರ ಪ್ರಾಣಿಯ ಸಂಖ್ಯೆ ತಗ್ಗಿಸಿದರೆ ಈ ಚಿತ್ರವೇ ಬದಲಾಗುತ್ತದೆ.

ಪಶ್ಚಿಮ ಆಸ್ಟ್ರೇಲಿಯಾದ ಗೋಧಿ ಸೀಮೆಯ ಕಪ್ಪುಪಾದದ ರಾಕ್-ವಾಲಬಿಯನ್ನೇ ನೋಡಿ. ಕಾಂಗರೂ ಕುಲದ ಈ ಪುಟ್ಟ ಪ್ರಾಣಿ ಗ್ರಾನೈಟ್ ಗುಡ್ಡಗಳ ಬಿರುಕುಗಳಲ್ಲಿ ಅಡಗಿ ಉಳಿದಿತ್ತು. ಬಂಡೆಯೇ ಅದರ ಇಷ್ಟದ ಜಾಗ ಎಂದುಕೊಂಡರೆ ಅರ್ಧ ಸತ್ಯ. ಯುರೋಪಿನಿಂದ ತಂದುಬಿಟ್ಟ ಕೆಂಪು ನರಿಗೆ ಹೆದರಿ ಅದು ಬಂಡೆ ಬಿಟ್ಟು ದೂರ ಹೋಗುತ್ತಿರಲಿಲ್ಲ. 1982ರಲ್ಲಿ ವಿಜ್ಞಾನಿ ಜ್ಯಾಕ್ ಕಿನಿಯರ್ ಅವರ ತಂಡ ಎರಡು ಗುಡ್ಡಗಳಲ್ಲಿ ನರಿ ನಿಯಂತ್ರಣ ಶುರುಮಾಡಿತು. ನಾಲ್ಕು ವರ್ಷಗಳಲ್ಲಿ ವಾಲಬಿ ಸಂಖ್ಯೆ ಅಲ್ಲಿ ಶೇ. 138 ಮತ್ತು ಶೇ. 223ರಷ್ಟು ಏರಿತು. ಹಾಗೇ ಬಿಟ್ಟಿದ್ದ ಮೂರು ಗುಡ್ಡಗಳ ಪೈಕಿ ಎರಡರಲ್ಲಿ ಇಳಿಯಿತು. ನರಿ ಕಾಟ ತಗ್ಗಿದ ಕಡೆ ವಾಲಬಿಗಳು ಬಂಡೆಯಿಂದಾಚೆಯ ಮೇವಿಗೂ ಇಳಿದವು.

ವಿಷವಿಟ್ಟ ಮಾಂಸದ ತುಂಡೇ ಇಲ್ಲಿನ ಮುಖ್ಯ ಉಪಾಯ. ‘1080’ ಎಂಬ ಈ ವಿಷ ಅಲ್ಲಿನ ಕೆಲವು ಗಿಡಗಳಲ್ಲೇ ಇರುವುದರಿಂದ ಸ್ಥಳೀಯ ಪ್ರಾಣಿಗಳು ಅದನ್ನು ಸಾಕಷ್ಟು ತಡೆದುಕೊಳ್ಳುತ್ತವೆ, ನರಿ ತಡೆಯದು. 1996ರಲ್ಲಿ ಆರಂಭವಾದ ವೆಸ್ಟರ್ನ್ ಶೀಲ್ಡ್ ಯೋಜನೆಯಲ್ಲಿ ಚದರ ಕಿ.ಮೀ.ಗೆ ಸುಮಾರು 5 ತುಂಡುಗಳನ್ನು ವರ್ಷಕ್ಕೆ 4 ಸಲ ವಿಮಾನದಿಂದ ಉದುರಿಸುತ್ತಾರೆ. ಹೊಲಗಳ ನಡುವಿನ ಚಿಕ್ಕ ಗುಡ್ಡಕ್ಕೆ ಇದು ಸಾಲದು. ಖಾಲಿಯಾದ ಜಾಗಕ್ಕೆ ಸುತ್ತಲಿನ ನರಿಗಳು ಬೇಗನೆ ನುಗ್ಗುತ್ತವೆ. ಇನ್ನೊಂದು ತೊಡಕು ಕಾಡುಬಿದ್ದ ಬೆಕ್ಕು. ಜೀವಂತ ಬೇಟೆ ಸಿಗುವಾಗ ಅದು ಒಣಮಾಂಸವನ್ನು ಮೂಸುವುದೇ ಅಪರೂಪ, ನರಿ ಕಡಿಮೆಯಾದರೆ ಅದರದೇ ದರ್ಬಾರು.

ಹಾಗಾಗಿ ಸತ್ತ ನರಿಗಳನ್ನು ಎಣಿಸಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ಅಳೆಯಬೇಕಾದ್ದು ಭಯವನ್ನು. ಅದಕ್ಕೊಂದು ಸರಳ ವಿಧಾನವಿದೆ: ತೂಕ ಮಾಡಿದ ಮೇವನ್ನು ತಿನ್ನಲಾಗದ ಪದಾರ್ಥದೊಂದಿಗೆ ಬೆರೆಸಿ, ಬಂಡೆಯ ಬುಡದಲ್ಲಿ, ತುಸು ದೂರದಲ್ಲಿ, ಬಯಲಲ್ಲಿ ತಟ್ಟೆಗಳಲ್ಲಿಡಬೇಕು. ಬೆಳಿಗ್ಗೆ ಜರಡಿ ಹಿಡಿದು ಉಳಿದದ್ದನ್ನು ತೂಗಬೇಕು. ಮೇವು ತಗ್ಗಿದಷ್ಟೂ ಹುಡುಕುವುದು ಕಷ್ಟ. ಹೆದರಿದ ಪ್ರಾಣಿ ಬೇಗ ಕೈಬಿಟ್ಟು ಹೋಗುವುದರಿಂದ ಹೆಚ್ಚು ಉಳಿಯುತ್ತದೆ. ಬರಿಯ ಮೇವಿಟ್ಟರೆ ಹೆದರಿದ್ದೂ ಧೈರ್ಯದ್ದೂ ತಟ್ಟೆ ಖಾಲಿ ಮಾಡುತ್ತವೆ, ಪರೀಕ್ಷೆ ಕೆಡುತ್ತದೆ. ತಿಂದದ್ದು ವಾಲಬಿಯೋ ಮೊಲವೋ ಎಂದು ತಿಳಿಯಲು ಕ್ಯಾಮೆರಾ ಬೇಕೇ ಬೇಕು.