ನಾಳೆಯ ಹೊಗೆಗೆ ಇವತ್ತೇ ಕೆಮ್ಮು

ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ, ಎರಡು ಪಟ್ಟಿಗಳನ್ನು ಜೋಡಿಸುವುದು ಅನ್ನುತ್ತೇನೆ. ಒಂದು ಪಟ್ಟಿಯಲ್ಲಿ ಜನ: ಯಾರು, ಯಾವ ದಿನ, ಏನು ತೊಂದರೆ ಅಂತ ಆಸ್ಪತ್ರೆಗೆ ಬಂದರು. ಇನ್ನೊಂದರಲ್ಲಿ ಪರಿಸರ: ಗಾಳಿಯಲ್ಲಿ ಎಷ್ಟು ಹೊಗೆ, ನೀರಿನಲ್ಲಿ ಏನು ಬೆರೆತಿದೆ, ಎಷ್ಟು ಸೆಕೆ. ಡೇಟಾ ಸೈನ್ಸ್ ಅಂದ ಕೂಡಲೇ ಕೇಳುವವರು ದೊಡ್ಡ ಕಂಪ್ಯೂಟರು, ಎಐ ಅಂತೆಲ್ಲ ಕಲ್ಪಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಮಾಡೆಲ್, ಅಂದರೆ ಎರಡು ಪಟ್ಟಿಗಳ ನಡುವಿನ ಸಂಬಂಧ ಹುಡುಕುವ ಲೆಕ್ಕ, ಓಡಿಸುವುದು ಒಂದು ಮಧ್ಯಾಹ್ನದ ಕೆಲಸ. ತಿಂಗಳುಗಟ್ಟಲೆ ಹಿಡಿಯುವುದು ಜೋಡಣೆ. ಈ ಎರಡು ಪಟ್ಟಿ ಬರೆದವರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆಸ್ಪತ್ರೆಯವರು ಬರೆದಿಡುವುದು ಚಿಕಿತ್ಸೆಗೆ, ಬಿಲ್ಲಿಗೆ. ಗಾಳಿ ಅಳೆಯುವವರಿಗೆ ಬೇಕಾದದ್ದು ಹೊಗೆ ಮಿತಿ ದಾಟಿತೋ ಇಲ್ಲವೋ ಅನ್ನುವುದು.

ಇದು ಹಳೇ ಕಷ್ಟ. 1854ರಲ್ಲಿ ಲಂಡನ್‌ನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಎದುರಿಸಿದ್ದೂ ಇದನ್ನೇ. ಕಾಲರಾ ಹರಡುತ್ತಿದ್ದ ಬೀದಿ ನೀರಿನ ಪಂಪಿನ ಹಿಡಿಯನ್ನು ಅವರು ತೆಗೆಸಿದ ಕಥೆ ಬಹಳ ಜನರಿಗೆ ಗೊತ್ತು. ನನಗೆ ಅದಕ್ಕಿಂತ ಇಷ್ಟವಾಗುವುದು ಅದೇ ವರ್ಷ ಅವರು ಮಾಡಿದ ಇನ್ನೊಂದು ಕೆಲಸ. ನಗರದ ದಕ್ಷಿಣಕ್ಕೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಸೌತ್‌ವಾರ್ಕ್ ಅಂಡ್ ವಾಕ್ಸ್‌ಹಾಲ್ ಕಂಪನಿ ಥೇಮ್ಸ್ ನದಿಯಲ್ಲಿ ಊರಿನ ಚರಂಡಿ ಬೆರೆತ ಕಡೆಯಿಂದಲೇ ನೀರೆತ್ತುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ನದಿಯ ಮೇಲ್ಭಾಗಕ್ಕೆ, ಆ ಕೊಳಕು ತಲುಪದ ಕಡೆಗೆ ಹೋಗಿತ್ತು. ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಮನೆಗಳಿಗೆ ಬೇರೆ ಬೇರೆ ಕಂಪನಿಯ ನೀರು. ಬೀದಿ ಒಂದೇ, ಗಾಳಿ ಒಂದೇ, ನೀರು ಮಾತ್ರ ಬೇರೆ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಆದರೆ ಸತ್ತವರ ಪಟ್ಟಿಯಲ್ಲಿ ವಿಳಾಸ ಇತ್ತು, ಆ ಮನೆಗೆ ಯಾವ ಕಂಪನಿಯ ನೀರು ಅನ್ನುವುದು ಇರಲಿಲ್ಲ. ಬಾಗಿಲು ತಟ್ಟಿ ಕೇಳಿದರೆ ಎಷ್ಟೋ ಬಾಡಿಗೆದಾರರಿಗೂ ಗೊತ್ತಿಲ್ಲ. ನೀರಿನ ದುಡ್ಡು ಕಟ್ಟುವವನು ಎಲ್ಲೋ ಇರುವ ಮಾಲೀಕ. ಆಗ ಸ್ನೋ ಒಂದು ಉಪಾಯ ಹುಡುಕಿದರು. ನದಿಯ ಕೆಳಭಾಗದ ನೀರಿನಲ್ಲಿ ಉಪ್ಪು ಜಾಸ್ತಿ. ಮನೆಯ ನೀರಿಗೆ ಸ್ವಲ್ಪ ಸಿಲ್ವರ್ ನೈಟ್ರೇಟ್ ಬಿಟ್ಟರೆ ಉಪ್ಪಿರುವ ನೀರು ಬೆಳ್ಳಗೆ ಕದಡುತ್ತದೆ. ಹೀಗೆ ಪಟ್ಟಿಯಲ್ಲಿ ಖಾಲಿ ಇದ್ದ ಕಾಲಂ ತುಂಬಿತು. ಮೊದಲನೇ ಕಂಪನಿಯ ನೀರು ಹೋಗುವ ಹತ್ತು ಸಾವಿರ ಮನೆಗಳಿಗೆ 315 ಸಾವು, ಎರಡನೆಯದಕ್ಕೆ 37. ಲೆಕ್ಕ ಬರೀ ಭಾಗಾಕಾರ. ಬುದ್ಧಿ ಎಲ್ಲ ಆ ಉಪ್ಪಿನ ಪರೀಕ್ಷೆಯಲ್ಲಿದೆ.

ಇಂಥದೇ ಜೋಡಣೆ ಈಚೆಗೆ ಬಾವಲಿಗಳ ವಿಷಯದಲ್ಲೂ ನಡೆದಿದೆ. 2006ರಿಂದ ಅಮೆರಿಕದಲ್ಲಿ ಒಂದು ಬೂಷ್ಟು ರೋಗ ಬಾವಲಿಗಳನ್ನು ರಾಶಿ ರಾಶಿ ಕೊಲ್ಲುತ್ತಾ ಬಂತು. ಅವುಗಳ ಮೂತಿಯ ಮೇಲೆ ಬಿಳಿ ಬೂಷ್ಟು ಬೆಳೆಯುತ್ತದೆ. ಬಾವಲಿ ಇಲ್ಲದ ಕಡೆ ಹೊಲದ ಹುಳ ತಿನ್ನುವವರಿಲ್ಲ. ರೈತರು ಔಷಧಿ ಜಾಸ್ತಿ ಹೊಡೆದರು. ಎಯಾಲ್ ಫ್ರಾಂಕ್ ಎಂಬ ಅರ್ಥಶಾಸ್ತ್ರಜ್ಞ 2024ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ರೋಗ ಬಂದ ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಕೀಟನಾಶಕದ ಬಳಕೆ ಸುಮಾರು 31 ಶೇಕಡಾ ಏರಿತ್ತು. ಹಸುಗೂಸುಗಳ ಸಾವು ಸುಮಾರು 8 ಶೇಕಡಾ ಏರಿತ್ತು. ಬಾವಲಿ ರೋಗದ ಪಟ್ಟಿಯನ್ನೂ ಶಿಶು ಮರಣದ ಪಟ್ಟಿಯನ್ನೂ ಪಕ್ಕಪಕ್ಕ ಇಡಬೇಕು ಅಂತ ಹೊಳೆಯುವುದೇ ದೊಡ್ಡ ಮಾತು. ರೋಗ ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ, ವರ್ಷದಿಂದ ವರ್ಷಕ್ಕೆ ಹರಡಿತು. ಹಾಗಾಗಿ ಬಂದ ಕಡೆಯನ್ನು ಇನ್ನೂ ಬಾರದ ಕಡೆಯ ಜೊತೆ ಹೋಲಿಸಬಹುದಿತ್ತು. ಅದೇ ಬೀದಿ, ಬೇರೆ ನೀರು.

ಜೋಡಿಸುವ ತಾಪತ್ರಯವೇ ಇಲ್ಲದ ಜಾಗ ಒಂದಿದೆ: ಚರಂಡಿ. ಅಲ್ಲಿ ಜನರ ದೇಹವೂ ಪರಿಸರವೂ ಒಂದೇ ಬಾಟಲಿಯಲ್ಲಿ ಸಿಗುತ್ತವೆ. 2022ರಲ್ಲಿ ಲಂಡನ್‌ನ ಚರಂಡಿ ನೀರಿನಲ್ಲಿ ಪೋಲಿಯೊ ವೈರಸ್ ಸಿಕ್ಕಾಗ ಅಲ್ಲಿ ಪೋಲಿಯೊದಿಂದ ಕೈಕಾಲು ಸೋತ ಒಬ್ಬ ರೋಗಿಯೂ ಇರಲಿಲ್ಲ.

ಉಳಿದ ಕಡೆ ಎಡವುವುದು ಸಣ್ಣ ಸಣ್ಣ ಕಲ್ಲಿಗೇ. ಒಮ್ಮೆ ನನ್ನ ಲೆಕ್ಕದಲ್ಲಿ ಹೊಗೆ ಕಡಿಮೆ ಇದ್ದ ದಿನವೇ ಉಬ್ಬಸದವರು ಜಾಸ್ತಿ ಬರುತ್ತಿದ್ದರು. ಎರಡು ದಿನ ತಲೆ ಕೆರೆದುಕೊಂಡೆ. ಕೊನೆಗೆ ಗಂಟೆ ಗಂಟೆಯ ಅಂಕಿ ತೆರೆದು ನೋಡಿದೆ. ಯಂತ್ರ ಕೆಟ್ಟ ಗಂಟೆಗೆ ಅದು ಖಾಲಿ ಬಿಡದೆ ಮೈನಸ್ 999 ಅಂತ ಬರೆಯುತ್ತಿತ್ತು. 23 ಗಂಟೆ ಹೊಗೆ 60 ಇದ್ದು ಒಂದು ಗಂಟೆ ಮೈನಸ್ 999 ಬಂದರೆ ದಿನದ ಸರಾಸರಿ 16! ಹೊಗೆ ಕವಿದ ದಿನ ಶುಭ್ರ ದಿನವಾಗಿ ಕೂತಿದೆ. ಹೊಗೆ ಹೆಚ್ಚಿದ ದಿನವೇ ಫಿಲ್ಟರ್ ಕಟ್ಟಿಕೊಂಡು ಯಂತ್ರ ನಿಲ್ಲುತ್ತಿತ್ತು ಅನ್ನುವುದು ಇನ್ನೊಂದು ತಮಾಷೆ.

ಜಾಗದ ಗೋಳು ಬೇರೆ. ನಮ್ಮ ಕೈಗೆ ಸಿಗುವುದು ಮನೆಯ ವಿಳಾಸ. ಮನುಷ್ಯ ದಿನವಿಡೀ ಉಸಿರಾಡುವುದು ಇನ್ನೆಲ್ಲೋ. ಉಪಗ್ರಹ ಎಲ್ಲ ಕಡೆ ನೋಡುತ್ತದೆ, ಸರಿ. ಆದರೆ ಅದು ಮೇಲಿನಿಂದ ನೆಲದವರೆಗಿನ ಇಡೀ ಗಾಳಿಯ ದೂಳನ್ನು ಒಟ್ಟಿಗೆ ನೋಡುತ್ತದೆ, ನಮ್ಮ ಮೂಗಿನ ಮಟ್ಟದ್ದನ್ನಲ್ಲ. ಮೋಡ ಬಂದರೆ ಅದೂ ಕುರುಡು.

ಇಷ್ಟೆಲ್ಲ ಆದಮೇಲೆ ಉತ್ತರ ಸರಿಯಿದೆ ಅಂತ ಹೇಗೆ ನಂಬುವುದು? ನಾನು ಒಂದು ಪರೀಕ್ಷೆ ಬಿಡದೆ ಮಾಡುತ್ತೇನೆ. ಇವತ್ತಿನ ಮತ್ತು ನಿನ್ನೆಯ ಹೊಗೆಯ ಜೊತೆ ನಾಳೆಯ ಹೊಗೆಯನ್ನೂ ಮಾಡೆಲ್‌ಗೆ ಕೊಡುತ್ತೇನೆ. ನಾಳೆಯ ಹೊಗೆ ಇವತ್ತು ಯಾರನ್ನೂ ಕೆಮ್ಮಿಸಲಾರದು. ಮಾಡೆಲ್ ಅದರ ಮೇಲೂ ತಪ್ಪು ಹೊರಿಸಿದರೆ ಜೋಡಣೆ ಎಲ್ಲೋ ಕೆಟ್ಟಿದೆ ಅಂತ ಅರ್ಥ. ಮೊದಲ ಸಲ ಈ ಪರೀಕ್ಷೆ ಮಾಡಿದಾಗ ನಾಳೆಯ ಹೊಗೆಯೇ ದೊಡ್ಡ ಅಪರಾಧಿಯಾಗಿ ಬಂತು. ಸುಮ್ನೆ ಆಕಸ್ಮಿಕ ಇರಬಹುದು ಅಂತ ಮತ್ತೆ ಓಡಿಸಿದೆ. ಮತ್ತೆ ಅದೇ. ಹೊಗೆ ಅಳೆಯುವ ಸೆನ್ಸರ್‌ನ ಕೈಪಿಡಿ ತೆಗೆದು ಓದಿದಾಗ ಗೊತ್ತಾಯಿತು. ಅದರ ಗಡಿಯಾರ ಇದ್ದದ್ದು ಜಾಗತಿಕ ಸಮಯದಲ್ಲಿ, ಆ ಊರು ಅದಕ್ಕಿಂತ ಐದು ಗಂಟೆ ಹಿಂದೆ. ಸಂಜೆ ಏಳಾದರೆ ಸೆನ್ಸರ್‌ಗೆ ತಾರೀಖು ಬದಲಾಗಿಬಿಡುತ್ತಿತ್ತು. ಏಳರ ನಂತರ ಜನ ಒಲೆ ಹೊತ್ತಿಸುತ್ತಿದ್ದರು, ರಾತ್ರಿ ಹತ್ತಕ್ಕೆ ಉಬ್ಬಸದಿಂದ ಆಸ್ಪತ್ರೆಗೆ ಬರುತ್ತಿದ್ದರು. ಆಸ್ಪತ್ರೆಯ ಪಟ್ಟಿಯಲ್ಲಿ ಅದು ಇವತ್ತು, ಸೆನ್ಸರ್ ಪಟ್ಟಿಯಲ್ಲಿ ನಾಳೆ.

ಐದು ಗಂಟೆ ಕಳೆದೆ. ಮಾಡೆಲ್‌ನ ಬೇರೆ ಒಂದಕ್ಷರವನ್ನೂ ಮುಟ್ಟಲಿಲ್ಲ. ನಾಳೆಯ ಹೊಗೆ ನಿರಪರಾಧಿಯಾಯಿತು.